ಯೆಜ್ಡಿಗೆ ಯಾವ ಪ್ಲಗ್ ಹಾಕೋದು?

ಈಚೆಗೆ ಮೂವರು ಒಂದೇ ಪ್ರಶ್ನೆ ಕೇಳಿದರು: ನಮ್ಮ ಹಳೇ ಜಾವಾ, ಯೆಜ್ಡಿ ಬೈಕಿಗೆ ಯಾವ ಸ್ಪಾರ್ಕ್ ಪ್ಲಗ್ (ಇಂಜಿನ್ನಿನೊಳಗೆ ಕಿಡಿ ಹಾರಿಸುವ ಭಾಗ) ಹಾಕೋದು? ಒಬ್ಬರು ಮೈಸೂರಿನವರು. ಅವರ ಯೆಜ್ಡಿ ರೋಡ್‌ಕಿಂಗ್‌ಗೆ ಜಿಕೊವ್ ಕಾರ್ಬ್ (ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್) ತೆಗೆದು ಮಿಕುನಿ ಕಂಪನಿಯದು ಹಾಕಿಸಿದ್ದಾರೆ, ಸೈಲೆನ್ಸರ್ ಬದಲಾಗಿದೆ, ದಿನಾ ಆಫೀಸಿಗೆ ಅದೇ ಗಾಡಿ. ಇನ್ನೊಬ್ಬ ಬೆಂಗಳೂರಿನ ಹುಡುಗ. ಪೋರ್ಟಿಂಗ್ (ಸಿಲಿಂಡರಿನ ಗಾಳಿದಾರಿ ಅಗಲಿಸೋದು) ಮಾಡಿಸಿ, ಹೆಡ್‌ಗೆ ಲೇಥ್ ಹಿಡಿಸಿ, ಎಕ್ಸ್‌ಪಾನ್ಶನ್ ಚೇಂಬರ್ ಅನ್ನುವ ರೇಸಿನ ಸೈಲೆನ್ಸರ್ ಜೋಡಿಸಿದ್ದಾನೆ. ವಾರಕ್ಕೊಮ್ಮೆ ಘಟ್ಟ ಹತ್ತಲೇಬೇಕು ಅವನಿಗೆ. ಮೂರನೆಯವರು ಮಡಿಕೇರಿ ಕಡೆಯ ತೋಟದ ಹಿರಿಯರು. ಅವರದು 6 ವೋಲ್ಟಿನ ಹಳೇ ಜಾವಾ, ಏನೂ ಬದಲಾಯಿಸಿಲ್ಲ. "ಕಿಕ್ ಹೊಡೆದು ಮೊಣಕಾಲು ಹೋಯ್ತು ಮಾರಾಯ, ಇರಿಡಿಯಂ ಪ್ಲಗ್ ಹಾಕಿದ್ರೆ ಸರಿ ಹೋಗುತ್ತಾ?" ಅಂತ ಕೇಳಿದರು.

ಮೂವರಿಗೂ ಒಂದೇ ಉತ್ತರ ಕೊಡೋಕೆ ಆಗಲ್ಲ. ಆದರೆ ಯೋಚಿಸುವ ದಾರಿ ಒಂದೇ.

ಮೊದಲೇ ಒಂದು ತಪ್ಪೊಪ್ಪಿಗೆ. ಕೆಲವು ವರ್ಷದ ಹಿಂದೆ ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುವಾಗ ನನ್ನ ರೋಡ್‌ಕಿಂಗ್ ಕಿಣಿಕಿಣಿ ಅನ್ನೋಕೆ ಶುರುಮಾಡಿತು. ಪೋರ್ಟಿಂಗ್ ಆಗಿದ್ದ ಇಂಜಿನ್ನು ಅದು. ದಾರಿಯಲ್ಲಿ ಪ್ಲಗ್ ಸತ್ತಿತ್ತು ಅಂತ ಒಂದು ಅಂಗಡಿಯಲ್ಲಿ ಹೊಸದು ಕೊಂಡು ಹಾಕಿದ್ದೆ. ಎನ್‌ಜಿಕೆ ಅನ್ನುವ ಕಂಪನಿಯ 7ನೇ ಅಂಕಿಯದ್ದು ಕೇಳಿದೆ. "ಅದಿಲ್ಲ, ಬಾಷ್ 7 ಇದೆ, ಎರಡೂ ಒಂದೇ" ಅಂದರು. ನಾನೂ ಹೌದೌದು ಅಂದೆ. ಕೊಟ್ಟಿಗೆಹಾರ ತಲುಪುವಷ್ಟರಲ್ಲಿ ಗಾಡಿಗೆ ಉಸಿರೇ ಇರಲಿಲ್ಲ. ಆಮೇಲೆ ಹೆಡ್ ಬಿಚ್ಚಿದಾಗ ಪಿಸ್ಟನ್ನಿನ ನೆತ್ತಿ ಇಲಿ ಕಚ್ಚಿದ ಹಾಗೆ ಕಿತ್ತುಹೋಗಿತ್ತು. ಬೋರು, ಪಿಸ್ಟನ್ನು, ರಿಂಗು ಎಲ್ಲ ಹೊಸದು. ಒಂದು ಪ್ಲಗ್ಗಿನ ಅಂಕಿ ಓದೋಕೆ ಬರದೇ ಇದ್ದಿದ್ದಕ್ಕೆ ಇಷ್ಟು ದಂಡ.

ಆ ಅಂಕಿಯ ಕಥೆಗೆ ಆಮೇಲೆ ಬರೋಣ. ಮೊದಲು ಯಾವ ಯಾವ ವಿಷಯ ನೋಡಬೇಕು ಅನ್ನೋದು.

ಆರಿಸುವ ಮುಂಚೆ ನೋಡಬೇಕಾದ್ದು

ಮೊದಲನೆಯದು ಅಳತೆ. ಇದರಲ್ಲಿ ಚೌಕಾಸಿ ಇಲ್ಲ. ಜಾವಾ, ಯೆಜ್ಡಿಗಳಿಗೆ 14 ಮಿ.ಮೀ. ಥ್ರೆಡ್ಡಿನ ಗಿಡ್ಡ ಪ್ಲಗ್, ಥ್ರೆಡ್ಡಿನ ಉದ್ದ 12.7 ಮಿ.ಮೀ. ಎನ್‌ಜಿಕೆ ಹೆಸರಿನಲ್ಲಿ ಅಂಕಿಯ ನಂತರ 'ಎಚ್' ಇದ್ದರೆ ಈ ಗಿಡ್ಡದು. 'ಇ' ಇದ್ದರೆ 19 ಮಿ.ಮೀ. ಉದ್ದದ್ದು. ಉದ್ದದ ಪ್ಲಗ್ ಗಿಡ್ಡ ತೂತಿಗೆ ತಿರುಗಿಸಿದರೆ ಸಲೀಸಾಗಿ ಹೋಗುತ್ತದೆ. ಮೊದಲ ಕಿಕ್ಕಿಗೇ ಪಿಸ್ಟನ್ನಿಗೆ ಬಡಿಯುತ್ತದೆ. ಹಳೇ ಹೆಡ್ಡುಗಳಲ್ಲಿ ಥ್ರೆಡ್ ಹಾಳಾಗಿ ಹೊಸ ಬುಷ್ ಕೂರಿಸಿರುತ್ತಾರೆ. ಹಾಗಾಗಿ ಪುಸ್ತಕ ಏನೇ ಹೇಳಲಿ, ನಿಮ್ಮ ಹೆಡ್ಡನ್ನು ನೀವೇ ಅಳೆದು ನೋಡಿ.

ಎರಡನೆಯದು ಬಿಸಿ. ಪ್ಲಗ್ಗಿನ ಮೂತಿ ಸುಮಾರು 450 ಡಿಗ್ರಿಗಿಂತ ತಣ್ಣಗಿದ್ದರೆ ಮಸಿ, ಆಯಿಲ್ ಸುಟ್ಟುಹೋಗದೆ ಅಂಟಿಕೊಳ್ಳುತ್ತದೆ. 850 ಡಿಗ್ರಿ ದಾಟಿದರೆ ಮೂತಿಯೇ ಕೆಂಡವಾಗಿ ಕಿಡಿಗಿಂತ ಮುಂಚೆ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಈ ಎರಡರ ನಡುವೆ ಇರಿಸೋದೇ ಹೀಟ್ ರೇಂಜ್ ಅನ್ನುವ ಅಂಕಿಯ ಕೆಲಸ. ಬಿಸಿ ಪ್ಲಗ್ ಶಾಖವನ್ನು ನಿಧಾನವಾಗಿ ಹೆಡ್ಡಿಗೆ ಬಿಡುತ್ತದೆ, ತಂಪು ಪ್ಲಗ್ ಬೇಗ ಬಿಡುತ್ತದೆ. ಒಂದು ಅಂಕಿ ಬದಲಾದರೆ ಮೂತಿಯಲ್ಲಿ 70ರಿಂದ 100 ಡಿಗ್ರಿ ವ್ಯತ್ಯಾಸ.

ಗಾಳಿಯಿಂದ ತಣ್ಣಗಾಗುವ ಇಂಜಿನ್ನಿನ ತೊಂದರೆ ಇಲ್ಲೇ ಇರೋದು. ನೀರಿನ ರೇಡಿಯೇಟರ್ ಇರುವ ಗಾಡಿ ಎಲ್ಲಿದ್ದರೂ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿರುತ್ತದೆ. ನಮ್ಮದಕ್ಕೆ ಗಾಳಿಯೇ ಗತಿ. ಬೆಳಗಿನ ಚಳಿಯಲ್ಲಿ ಶ್ರೀರಂಗಪಟ್ಟಣದ ರಸ್ತೆಯಲ್ಲಿ ಆರಾಮಾಗಿ ಹೋಗುವಾಗ ಒಂದು ಲೆಕ್ಕ. ಎರಡನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ತಿರುಗಿಸಿ ಘಟ್ಟ ಹತ್ತುವಾಗ ಬೇರೆಯೇ ಲೆಕ್ಕ. ಆಗ ಇಂಜಿನ್ನಿಗೆ ಭಾರ ಜಾಸ್ತಿ, ಗಾಳಿ ಕಮ್ಮಿ. ಜೊತೆಗೆ ಟೂ ಸ್ಟ್ರೋಕ್ ಪ್ರತಿ ಸುತ್ತಿಗೂ ಉರಿಯುತ್ತದೆ. 4500 ಆರ್‌ಪಿಎಂನಲ್ಲಿ ಸೆಕೆಂಡಿಗೆ 75 ಕಿಡಿ. ಫೋರ್ ಸ್ಟ್ರೋಕಿನಲ್ಲಿ ಪ್ಲಗ್ಗಿಗೆ ಒಂದು ಸುತ್ತಾದರೂ ರಜೆ ಸಿಗುತ್ತದೆ, ಇಲ್ಲಿ ಅದೂ ಇಲ್ಲ.

ಮೂರನೆಯದು, ನಿಮ್ಮ ಗಾಡಿಯ ಕರೆಂಟ್ ಎಷ್ಟು ಗಟ್ಟಿ ಅನ್ನೋದು. ಹಳೇ 6 ವೋಲ್ಟ್ ಪಾಯಿಂಟ್ ಸೆಟ್ಟಿಗೂ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಲೋಹದ ಜೋಡಿ) ಸಿಡಿಐಗೂ (ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಬಾಕ್ಸ್) ಬಹಳ ಅಂತರ. ನಾಲ್ಕನೆಯದು, ಗಾಡಿ ನಿಂತ ಊರಿನಲ್ಲಿ ಆ ಪ್ಲಗ್ ಸಿಗುತ್ತಾ? ದುಡ್ಡನ್ನು ನಾನು ಕೊನೆಗೆ ಇಡುತ್ತೇನೆ. ಯಾಕೆಂದರೆ ಇಡೀ ಇಂಜಿನ್ನಿನಲ್ಲಿ ಪ್ಲಗ್ಗಿನಷ್ಟು ಅಗ್ಗದ್ದು ಬೇರೆ ಇಲ್ಲ. ಅದು ಕೆಟ್ಟರೆ ಕೆಡುವುದು ಮಾತ್ರ ದುಬಾರಿಯದ್ದೇ.

ಅಂಕಿಯ ಗೋಜಲು

ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಂಪು. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಉಲ್ಟಾ, ಅಂಕಿ ಏರಿದಷ್ಟೂ ಬಿಸಿ. ನಾನು ಬಿದ್ದದ್ದು ಇದೇ ಹಳ್ಳಕ್ಕೆ. ಬಾಷ್ 7 ಅಂದರೆ ಎನ್‌ಜಿಕೆ 6ಕ್ಕೆ ಸಮ. ಅಂದರೆ ನನಗೆ ಬೇಕಿದ್ದಕ್ಕಿಂತ ಒಂದು ಮೆಟ್ಟಿಲು ಬಿಸಿ. ಬಾಷ್ 5 ಎನ್‌ಜಿಕೆ 7ಕ್ಕೆ, ಬಾಷ್ 4 ಎನ್‌ಜಿಕೆ 8ಕ್ಕೆ ಹೊಂದುತ್ತದೆ. ಎನ್‌ಜಿಕೆ ಬಿ8ಎಚ್‌ಎಸ್ ಕೇಳಿದವರಿಗೆ ಬಾಷ್‌ನಲ್ಲಿ ಸಿಗುವುದು ಡಬ್ಲ್ಯೂ4ಎಸಿ.

ಇದಕ್ಕೊಂದು ಬಾಲ ಇದೆ. ನಮ್ಮಲ್ಲಿ ಹಳೇ ಅಂಗಡಿಗಳ ಅಟ್ಟದಲ್ಲಿ ಇನ್ನೂ ಮೈಕೋ ಡಬ್ಬಿಗಳು ಸಿಗುತ್ತವೆ. ಬೆಂಗಳೂರಿನ ಆಡುಗೋಡಿಯ ಮೈಕೋ, 2008ರಿಂದ ಬಾಷ್ ಲಿಮಿಟೆಡ್ ಅನ್ನಿಸಿಕೊಂಡ ಅದೇ ಕಂಪನಿ. ಅದರ ಹಳೇ ಪ್ಲಗ್ಗುಗಳ ಮೇಲೆ ಡಬ್ಲ್ಯೂ175, ಡಬ್ಲ್ಯೂ225 ಅಂತ ಮೂರಂಕಿ ಇರುತ್ತದೆ. ಆ ಹಳೇ ಪದ್ಧತಿಯಲ್ಲಿ ಅಂಕಿ ಏರಿದಷ್ಟೂ ತಂಪು! 175 ಅಂದರೆ ಈಗಿನ ಬಾಷ್ 7ರ ಆಸುಪಾಸು. ಒಂದೇ ಕಂಪನಿ, ಎರಡು ಕಾಲ, ಎರಡು ದಿಕ್ಕು. ಹಳೇ ಸ್ಟಾಕ್ ಸಿಕ್ಕಿತು ಅಂತ ಖುಷಿಯಲ್ಲಿ ಹಾಕುವ ಮುಂಚೆ ಒಮ್ಮೆ ಇದನ್ನು ನೆನಪಿಸಿಕೊಳ್ಳಿ.

ಯಾವ ಪ್ಲಗ್ ಯಾರಿಗೆ

ಎನ್‌ಜಿಕೆಯ ಬಿ7ಎಚ್‌ಎಸ್ (7ನೇ ಅಂಕಿಯ ಗಿಡ್ಡ ಪ್ಲಗ್) ಅಥವಾ ಅದಕ್ಕೆ ಸಮನಾದದ್ದು ನನ್ನ ಲೆಕ್ಕದಲ್ಲಿ ಶುರುಮಾಡುವ ಜಾಗ. ಸಾದಾ ನಿಕಲ್ ಮೂತಿ, ಒಳಗೆ ತಾಮ್ರ. ಇಂಜಿನ್ ಸಾದಾ ಇದ್ದರೂ, ಕಾರ್ಬ್ ಮತ್ತು ಸೈಲೆನ್ಸರ್ ಮಾತ್ರ ಬದಲಾಗಿದ್ದರೂ ಇದರಿಂದ ಶುರುಮಾಡಿ. ಮೈಸೂರಿನವರಿಗೆ ನಾನು ಹೇಳಿದ್ದು ಇದನ್ನೇ. ಎರಡು ಕೊಳ್ಳಿ, ಒಂದು ಹಾಕಿ, ಇನ್ನೊಂದು ಟೂಲ್ ಬಾಕ್ಸಿನಲ್ಲಿಡಿ.

6ನೇ ಅಂಕಿಯ ಬಿಸಿ ಪ್ಲಗ್ ಒಂದೇ ಒಂದು ಬಗೆಯ ಗಾಡಿಗೆ ಸರಿ. ನಿಧಾನವಾಗಿ ಓಡುವ, ಬೋರು ಸ್ವಲ್ಪ ಸವೆದು ಆಯಿಲ್ ಜಾಸ್ತಿ ಕುಡಿಯುವ, ಒಮ್ಮೆಯೂ ಪೂರ್ತಿ ಎಳೆಯದ ಗಾಡಿ. ತೋಟದೊಳಗೆ ಓಡಾಡುವ ಜಾವಾಕ್ಕೆ ಒಪ್ಪುತ್ತದೆ. ಪೋರ್ಟಿಂಗ್ ಆದ ಇಂಜಿನ್ನಿನ ಹತ್ತಿರ ಮಾತ್ರ ಇದನ್ನು ಸುಳಿಯಗೊಡಬೇಡಿ.

8ನೇ ಅಂಕಿಯದ್ದು ಬೆಂಗಳೂರಿನ ಹುಡುಗನಿಗೆ. ಹೆಡ್‌ಗೆ ಲೇಥ್ ಹಿಡಿಸಿದರೆ ಒತ್ತಡ ಏರುತ್ತದೆ, ಒತ್ತಡದ ಜೊತೆ ಬಿಸಿಯೂ ಏರುತ್ತದೆ. ಆರ್‌ಪಿಎಂ ಏರಿದರೆ ಇನ್ನೂ ಜಾಸ್ತಿ. ರಾಜದೂತ್ 350ರ ಮೂಲವಾದ ಯಮಹಾ ಆರ್‌ಡಿ 350ಗೆ ಕಂಪನಿಯೇ ಹೇಳಿದ್ದು ಬಿ8ಎಚ್‌ಎಸ್. ಜೋರಾಗಿ ಎಳೆಯುವ ಟೂ ಸ್ಟ್ರೋಕಿಗೆ ಈ ಮಟ್ಟದ ತಂಪು ಬೇಕು. ಆದರೆ ಇದಕ್ಕೆ ತೆರಬೇಕಾದ ಬೆಲೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಗೊತ್ತಾಗುತ್ತದೆ. ಹತ್ತು ನಿಮಿಷ ಐಡಲ್‌ನಲ್ಲಿ ನಿಂತರೆ ಮೂತಿಗೆ ಮಸಿ ಹಿಡಿಯುತ್ತದೆ, ಆಮೇಲೆ ತಡವರಿಸುತ್ತದೆ. ಜುಲೈ ಎರಡನೇ ಭಾನುವಾರದ ಜಾವಾ ದಿನದ ಮೆರವಣಿಗೆಯಲ್ಲಿ ನೋಡಿ, ಬದಿಗೆ ನಿಂತು ಪ್ಲಗ್ ಬಿಚ್ಚುತ್ತಿರುವವರಲ್ಲಿ ಅರ್ಧ ಜನ ತಂಪು ಪ್ಲಗ್ಗಿನವರೇ. (ಇನ್ನರ್ಧ ಪೆಟ್ರೋಲಿಗೆ ಆಯಿಲ್ ಧಾರಾಳವಾಗಿ ಸುರಿದವರು.) ಅದಕ್ಕೇ ಅವನಿಗೆ ಹೇಳಿದ್ದು: ಊರೊಳಗೆ 7, ಘಟ್ಟಕ್ಕೆ ಹೊರಟಾಗ 8. ಬದಲಿಸೋಕೆ ಐದು ನಿಮಿಷ. ಸೋಮಾರಿತನ ಬಂದರೆ 8 ಅನ್ನೇ ಇಟ್ಟುಕೋ. ಮಸಿ ಹಿಡಿದರೆ ಪ್ಲಗ್ ಹೋಗುತ್ತೆ, ಕೆಂಡವಾದರೆ ಪಿಸ್ಟನ್ ಹೋಗುತ್ತೆ.

9 ಮತ್ತು ಮೇಲಿನದು ರೇಸಿನವರಿಗೆ. ನಮಗೆ ಬೇಡ.

ಹೆಸರಿನಲ್ಲಿ 'ಪಿ' ಇರುವ ಬಿಪಿ7ಎಚ್‌ಎಸ್ ತರದ್ದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇದರ ಮೂತಿ ಸಾದಾ ಪ್ಲಗ್ಗಿಗಿಂತ ಒಂದಿಷ್ಟು ಮುಂದಕ್ಕೆ ಚಾಚಿರುತ್ತದೆ. ನಿಧಾನ ಹೋಗುವಾಗ ಬೇಗ ಬಿಸಿಯಾಗಿ ಮಸಿ ಸುಟ್ಟುಕೊಳ್ಳುತ್ತದೆ. ಜೋರು ಹೋಗುವಾಗ ಒಳಬರುವ ತಣ್ಣನೆ ಪೆಟ್ರೋಲು ಗಾಳಿ ಅದರ ಮೇಲೇ ಬೀಸಿ ತಂಪು ಮಾಡುತ್ತದೆ. ಊರಿಗೂ ಹೈವೇಗೂ ಒಂದೇ ಪ್ಲಗ್ ಬೇಕು ಅನ್ನುವವರಿಗೆ ಒಳ್ಳೆಯ ಆಯ್ಕೆ. ಆದರೆ ಹೆಡ್‌ಗೆ ಲೇಥ್ ಹಿಡಿಸಿದ್ದರೆ ಜಾಗ ಅಳೆಯದೆ ಹಾಕಬೇಡಿ. ಮಕ್ಕಳು ಆಡುವ ಕ್ಲೇ ಒಂದು ಚೂರನ್ನು ಪ್ಲಗ್ಗಿನ ಮೂತಿಗೆ ಅಂಟಿಸಿ, ಕೂರಿಸಿ, ಕಿಕ್ಕರನ್ನು ಕೈಯಲ್ಲೇ ಮೆಲ್ಲಗೆ ಒತ್ತಿ ಪಿಸ್ಟನ್ ಒಂದು ಸಲ ಮೇಲೆ ಬಂದು ಹೋಗಲಿ. ಬಿಚ್ಚಿ ನೋಡಿದಾಗ ಕ್ಲೇ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮ್ಮ ಜಾಗ. ಒಂದೂವರೆ ಮಿ.ಮೀ.ಗಿಂತ ಕಮ್ಮಿ ಇದ್ದರೆ ನಾನಂತೂ ಹಾಕಲ್ಲ.

ಈಗ ಎಲ್ಲರೂ ಕೇಳುವ ಇರಿಡಿಯಂ. ಇದರ ನಡುಕಡ್ಡಿ ಸೂಜಿಯ ಹಾಗಿದೆ. ಎನ್‌ಜಿಕೆಯದು 0.6 ಮಿ.ಮೀ., ಡೆನ್ಸೊದ್ದು 0.4. ಸಾದಾ ಪ್ಲಗ್ಗಿನದ್ದು ಎರಡೂವರೆ ಮಿ.ಮೀ. ದಪ್ಪ. ಚೂಪು ತುದಿಯಿಂದ ಕಿಡಿ ಹಾರೋಕೆ ಕಮ್ಮಿ ವೋಲ್ಟೇಜ್ ಸಾಕು. ಹಾಗಾಗಿ ಕರೆಂಟ್ ಸ್ವಲ್ಪ ಸೊರಗಿದ್ದರೂ ಸ್ಟಾರ್ಟ್ ಆಗುತ್ತದೆ, ಐಡಲ್ ನೆಟ್ಟಗೆ ನಿಲ್ಲುತ್ತದೆ. ಇದು ಸುಳ್ಳಲ್ಲ, ನಾನೂ ಓಡಿಸಿ ನೋಡಿದ್ದೇನೆ. ಆದರೆ ಪವರ್ ಜಾಸ್ತಿ ಆಗುತ್ತೆ ಅನ್ನೋದು ಸುಮ್ನೆ ಮಾತು. ಕಿಡಿ ಹಾರಿದ ಮೇಲೆ ಬೆಂಕಿಗೆ ಪ್ಲಗ್ಗಿನ ರೇಟು ಗೊತ್ತಿರಲ್ಲ. ಬೆಲೆ ಸಾದಾ ಪ್ಲಗ್ಗಿನ ನಾಲ್ಕೈದು ಪಟ್ಟು. ಆಯಿಲಿನಲ್ಲಿ ಒಮ್ಮೆ ಪೂರ್ತಿ ನೆಂದರೆ ವೈರ್ ಬ್ರಷ್ ಹಾಕಿ ಉಜ್ಜುವ ಹಾಗಿಲ್ಲ, ಆ ಸೂಜಿ ಮುರಿಯುತ್ತದೆ. ಸಾದಾ ಪ್ಲಗ್ಗನ್ನಾದರೆ ಉಪ್ಪುಕಾಗದದಲ್ಲಿ ಉಜ್ಜಿ ಮನೆ ಸೇರಬಹುದು, ಅಲ್ವಾ? ನನ್ನ ಅಭಿಪ್ರಾಯ ಇಷ್ಟು: ಕಾರ್ಬ್, ಟೈಮಿಂಗ್ (ಕಿಡಿ ಹಾರುವ ಹೊತ್ತು), ಕರೆಂಟ್ ಎಲ್ಲ ಸರಿಯಿರುವ ಗಾಡಿಗೆ ಇರಿಡಿಯಂ ಒಂದು ಚಂದದ ಖರ್ಚು. ಕೆಟ್ಟಿರುವ ಗಾಡಿಗೆ ಅದು ಜ್ವರಕ್ಕೆ ಹಾಕಿದ ಕಂಬಳಿ. ಒಳಗಿನ ಜ್ವರ ಹಾಗೇ ಇರುತ್ತೆ.

ಮೂರು ನಾಲ್ಕು ಕಾಲಿನ (ನಡುಕಡ್ಡಿಯ ಎದುರು ಬಗ್ಗಿರುವ ಲೋಹದ ಪಟ್ಟಿಯೇ ಕಾಲು) ಪ್ಲಗ್ಗುಗಳನ್ನೂ ಮಾರುತ್ತಾರೆ. ಕಿಡಿ ಹಾರೋದು ಒಂದು ಸಲಕ್ಕೆ ಒಂದೇ ಕಾಲಿಗೆ. ಟೂ ಸ್ಟ್ರೋಕಿಗೆ ದಂಡ.

ಇನ್ನು 'ಆರ್' ಅಕ್ಷರ. ಬಿಆರ್7ಎಚ್‌ಎಸ್ ಅಂದರೆ ಒಳಗೆ ಸುಮಾರು 5 ಸಾವಿರ ಓಮ್‌ನ ರೆಸಿಸ್ಟರ್ ಇದೆ ಅಂತ. ಸಿಗುವ ಇರಿಡಿಯಂಗಳಲ್ಲಿ ಹೆಚ್ಚಿನವು ಈ ಬಗೆಯವೇ. ಪ್ಲಗ್ ಕ್ಯಾಪಿನಲ್ಲೂ ಅಷ್ಟೇ ರೆಸಿಸ್ಟರ್ ಇದ್ದರೆ ಎರಡೂ ಸೇರಿ 10 ಸಾವಿರ. 6 ವೋಲ್ಟ್ ಪಾಯಿಂಟ್ ಗಾಡಿಯ ಬಡ ಕಿಡಿಗೆ ಇದು ಭಾರ. ಅಲ್ಲಿ 'ಆರ್' ಇಲ್ಲದ ಪ್ಲಗ್ ಹಾಕಿ. ಸಿಡಿಐ ಇದ್ದರೆ ಎಲ್ಲಾದರೂ ಒಂದು ಕಡೆ ರೆಸಿಸ್ಟರ್ ಇರಲೇಬೇಕು, ಇಲ್ಲದಿದ್ದರೆ ಅದರ ಎಲೆಕ್ಟ್ರಾನಿಕ್ಸ್‌ಗೆ ಕಿರಿಕಿರಿ. ಮಲ್ಟಿಮೀಟರ್ ಇಟ್ಟು ಕ್ಯಾಪನ್ನು ಅಳೆಯಿರಿ, ಒಂದು ನಿಮಿಷದ ಕೆಲಸ.

ಪ್ಲಗ್ಗಿಗಿಂತ ಮುಂಚೆ ದುಡ್ಡು ಹಾಕಬೇಕಾದ ಕಡೆ

ಮಡಿಕೇರಿಯ ಹಿರಿಯರಿಗೆ ಇರಿಡಿಯಂ ಬೇಡ ಅಂದೆ. ಅವರ ಜಾವಾದಲ್ಲಿ ಕಿಡಿಗೆ ಬೇಕಾದ ಕರೆಂಟ್ ಬರೋದು ಬ್ಯಾಟರಿಯಿಂದ. ಹೆಡ್‌ಲೈಟು, ಹಾರ್ನು, ಕಿಡಿ ಎಲ್ಲದಕ್ಕೂ ಒಂದೇ 6 ವೋಲ್ಟ್. ಬ್ಯಾಟರಿ ಸೊರಗಿದರೆ ಕಿಡಿ ಹಳದಿಯಾಗುತ್ತದೆ, ಕಾಲು ಸೋಲುತ್ತದೆ. ಅವರಿಗೆ ಮೊದಲು ಹೊಸ ಕಂಡೆನ್ಸರ್, ಪಾಯಿಂಟ್ ಉಜ್ಜಿ 0.4 ಮಿ.ಮೀ. ಗ್ಯಾಪ್, ಒಳ್ಳೆ ತಾಮ್ರದ ಪ್ಲಗ್ ವೈರು, ಬ್ಯಾಟರಿಯ ಅರ್ತ್ ಸ್ವಚ್ಛ. ಇವೆಲ್ಲ ಸೇರಿದರೂ ಒಂದು ಇರಿಡಿಯಂ ಪ್ಲಗ್ಗಿನ ಸುತ್ತಮುತ್ತಲೇ ಖರ್ಚು. ಪ್ಲಗ್ ಗ್ಯಾಪನ್ನು 0.5ಕ್ಕೆ ಇಳಿಸಿ ಅಂದೆ, ಸಣ್ಣ ಗ್ಯಾಪ್ ಹಾರೋಕೆ ಬಡ ಕಿಡಿಯೂ ಸಾಕು. ವಾರದ ಮೇಲೆ ಫೋನ್ ಬಂತು: ಎರಡನೇ ಕಿಕ್ಕಿಗೆ ಹಿಡಿಯುತ್ತಂತೆ.

ಇದಕ್ಕಿಂತ ಮುಂದಿನ ಮೆಟ್ಟಿಲು ನಮ್ಮಲ್ಲೇ ಸಿಗುವ ಸಿಡಿಐ ಕಿಟ್. ಪಾಯಿಂಟ್ ತೆಗೆದು 12 ವೋಲ್ಟ್ ಮಾಡಿಕೊಡುತ್ತಾರೆ. ಕಿಡಿ ಗಟ್ಟಿ, ಪಾಯಿಂಟ್ ಉಜ್ಜುವ ಗೋಳಿಲ್ಲ. ಬೇಸರ ಏನಂದರೆ ಒಂದು ಕಿಟ್ ಇದ್ದ ಹಾಗೆ ಇನ್ನೊಂದಿಲ್ಲ. ಕೂರಿಸುವವರ ಕೈ ಮೇಲೆ ಎಲ್ಲ ನಿಂತಿದೆ. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಟ್ಟು ಟೈಮಿಂಗ್ ಅಳೆಯದೆ "ಸೌಂಡಲ್ಲೇ ಗೊತ್ತಾಗುತ್ತೆ ಸಾರ್" ಅನ್ನುವವರ ಕೈಗೆ ಕೊಡಬೇಡಿ. ಪಾಯಿಂಟ್ ಹಾಳಾದರೆ ಹಳ್ಳಿಯಲ್ಲೂ ರಿಪೇರಿ ಆಗುತ್ತದೆ, ಸಿಡಿಐ ಬಾಕ್ಸ್ ಸತ್ತರೆ ಗಾಡಿಯನ್ನು ಟೆಂಪೋ ಹತ್ತಿಸಬೇಕು. ಹೊರಗೆ ಹೋಗುವವರು ಇನ್ನೊಂದು ಬಾಕ್ಸ್ ಸೀಟಿನ ಕೆಳಗೆ ಇಡಿ.

ಎಲ್ಲಕ್ಕೂ ಮೇಲಿನದು ಚೆಕ್ ದೇಶದ ವೇಪ್ ಕಂಪನಿಯ ಪೂರ್ತಿ ಸೆಟ್. ರೋಟರ್, ಸ್ಟೇಟರ್, ಕಾಯಿಲ್, ರೆಗ್ಯುಲೇಟರ್ ಎಲ್ಲ ಹೊಸದು. ಜಾವಾ ಹುಟ್ಟಿದ ದೇಶದಿಂದಲೇ ಬರುತ್ತದೆ. ಬ್ಯಾಟರಿ ಸತ್ತರೂ ಕಿಡಿ ಬರುತ್ತದೆ, ಹೆಡ್‌ಲೈಟಿನಲ್ಲಿ ರಸ್ತೆ ಕಾಣುತ್ತದೆ. ತರಿಸುವ ಖರ್ಚು, ಸುಂಕ ಸೇರಿದರೆ ಕೈ ಕಚ್ಚುತ್ತದೆ. ನಿಮ್ಮ ಮಾಡೆಲ್ಲಿಗೆ ಹೊಂದುವುದೇ ಅಂತ ಕ್ರ್ಯಾಂಕಿನ ತುದಿ ಅಳೆದೇ ತರಿಸಬೇಕು. ಗಾಡಿಯನ್ನು ಹತ್ತು ವರ್ಷ ಇಟ್ಟುಕೊಂಡು ದೂರ ದೂರ ಹೋಗುವವರಿಗೆ ಇದೇ ಲಾಭ. ಭಾನುವಾರದ ಬೆಳಗಿನ ದೋಸೆಗೆ ಮಾತ್ರ ತೆಗೆಯುವ ಗಾಡಿಗೆ ಪಾಯಿಂಟೇ ಸಾಕು.

ಇನ್ನು ಜೆಟ್, ಅಂದರೆ ಕಾರ್ಬಿನಲ್ಲಿ ಪೆಟ್ರೋಲು ಹಾಯುವ ಸಣ್ಣ ತೂತಿನ ಭಾಗ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಹಳೇ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಸರಿಹೋಗುತ್ತಿತ್ತು. ಇದಕ್ಕೆ ಹದಿಮೂರೂವರೆಯೇ ಸಾಕು. 1996ರಲ್ಲಿ ಮೈಸೂರಿನ ಐಡಿಯಲ್ ಜಾವಾ ಬಾಗಿಲು ಹಾಕಿದಾಗ ಇಂಥ ಪೆಟ್ರೋಲು ಯಾರ ಲೆಕ್ಕದಲ್ಲೂ ಇರಲಿಲ್ಲ. ಅದೇ ಹಳೇ ಜೆಟ್ಟಿನಲ್ಲಿ ಓಡಿಸಿದರೆ ಇಂಜಿನ್ನಿಗೆ ಪೆಟ್ರೋಲು ಸಾಲದೆ ಬಿಸಿ ಏರುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ. ಆಗ ತಂಪು ಪ್ಲಗ್ ಹಾಕಿ ಬಚ್ಚಿಡಬೇಡಿ. ಮೊದಲು ಮೇನ್ ಜೆಟ್ ಒಂದು ಸೈಜು ಏರಿಸಿ ನೋಡಿ.

ಸರಿಯಾದದ್ದೇ ಹಾಕಿದ್ದೀರಾ ಅಂತ ನೋಡುವುದು

ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಖಾಲಿ ರಸ್ತೆಯ ಏರಿನಲ್ಲಿ ಪೂರ್ತಿ ಎಳೆಯಿರಿ. ಹಾಗೇ ಕ್ಲಚ್ ಹಿಡಿದು ಇಗ್ನಿಷನ್ ಆಫ್ ಮಾಡಿ, ಬದಿಗೆ ಬಂದು ಪ್ಲಗ್ ಬಿಚ್ಚಿ. ಐಡಲ್‌ನಲ್ಲಿ ಬಿಟ್ಟು ಮನೆಗೆ ಬಂದು ಬಿಚ್ಚಿದರೆ ಮನೆಯ ಮುಂದಿನ ಮಸಿ ಮಾತ್ರ ಕಾಣುತ್ತದೆ. ಎಲ್ಲರೂ ಹೇಳುವ ಕಾಫಿ ಬಣ್ಣ ಈಗಿನ ಪೆಟ್ರೋಲು, ಈಗಿನ 2ಟಿ ಆಯಿಲಿನಲ್ಲಿ ಸರಿಯಾಗಿ ಮೂಡುವುದೇ ಇಲ್ಲ. ನಾನು ನೋಡೋದು ಬಗ್ಗಿದ ಅರ್ತ್ ಕಾಲನ್ನು. ಅದರ ಮೇಲೆ ಬಣ್ಣ ಬದಲಾಗುವ ಒಂದು ಗೆರೆ ಇರುತ್ತದೆ. ಗೆರೆ ಬಾಗಿನ ನಡುವೆ ಇದ್ದರೆ ಅಂಕಿ ಸರಿ. ತುದಿಯ ಹತ್ತಿರವೇ ನಿಂತಿದ್ದರೆ ಪ್ಲಗ್ ಜಾಸ್ತಿ ತಂಪು. ಬುಡಕ್ಕೆ, ಥ್ರೆಡ್ಡಿನ ಹತ್ತಿರಕ್ಕೆ ಇಳಿದಿದ್ದರೆ ಜಾಸ್ತಿ ಬಿಸಿ. ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಹೊಳೆಯುವ ಚುಕ್ಕೆ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಅಲ್ಲೇ ನಿಲ್ಲಿಸಿ. ನಾನು ಚಾರ್ಮಾಡಿಯ ನಡುವೆ ಬಿಚ್ಚಿ ನೋಡಿದ್ದರೆ ಅದೇ ಕಾಣುತ್ತಿತ್ತು.

ನಕಲಿ ಪ್ಲಗ್ಗುಗಳೂ ಬಹಳ ಇವೆ. ಅಸಲಿಯದರ ವಾಷರ್ ಥ್ರೆಡ್ಡಿನಿಂದ ಸುಲಭಕ್ಕೆ ಕಳಚಿ ಬರಲ್ಲ. ಅಕ್ಷರ ಉಗುರಿನಲ್ಲಿ ಕೆರೆದರೆ ಏಳಬಾರದು. ರೇಟು ತೀರಾ ಕಮ್ಮಿ ಇದ್ದರೆ ಅದೇ ಒಂದು ಗುರುತು.

ಕೂರಿಸುವಾಗ ಮೊದಲು ಕೈಯಲ್ಲೇ, ತಣ್ಣಗಿರುವ ಹೆಡ್ಡಿಗೆ, ಪೂರ್ತಿ ಒಳಹೋಗುವ ತನಕ. ಆಮೇಲೆ ಪಾನಾ ಹಾಕಿ ಹೊಸ ಪ್ಲಗ್ಗಿಗೆ ಅರ್ಧ ಸುತ್ತು. ಹಳೇ ಪ್ಲಗ್ಗನ್ನೇ ಮತ್ತೆ ಹಾಕುತ್ತಿದ್ದರೆ ಗಡಿಯಾರದ ಗಂಟೆ ಮುಳ್ಳು ಒಂದು ಗಂಟೆಯಲ್ಲಿ ಸರಿದಷ್ಟು ಸಾಕು, ಅದರ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ. ಬೆಂಗಳೂರಿನ ಹುಡುಗ ಮೊನ್ನೆ 8 ಹಾಕಿಕೊಂಡು ಶಿರಾಡಿ ಇಳಿದು ಹತ್ತಿ ಬಂದ. ಗೆರೆ ನಡುವೆಯೇ ಇದೆ ಅಂತ ಫೋಟೋ ಕಳಿಸಿದ್ದಾನೆ. ಫೋಟೋದಲ್ಲಿ ಪ್ಲಗ್ಗಿಗಿಂತ ಅವನ ಮಸಿ ಹಿಡಿದ ಬೆರಳೇ ಜಾಸ್ತಿ ಕಾಣುತ್ತಿದೆ. ಇನ್ನೊಂದು ಕಳಿಸು ಅಂದಿದ್ದೇನೆ.